ಆಗಸ್ಟ್ ಕೊನೆಗೆ ಆರು ಆಟಗಾರರನ್ನು ಬಿಟ್ಟ ಏಂಜಲ್ಸ್: ಶರಣಾಗತಿಯೋ, ಲೆಕ್ಕಾಚಾರವೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನವರು, 2022ರಿಂದ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದೇವೆ. ಅನಾಹೈಮ್‌ನ ಕ್ರೀಡಾಂಗಣ ನಮಗೆ ಹತ್ತಿರ. ಆಗ ಅಲ್ಲಿನ ಏಂಜಲ್ಸ್ ತಂಡದಲ್ಲಿ ಬ್ಯಾಟಿಂಗ್ ಜೊತೆಗೆ ಪಿಚಿಂಗ್ ಕೂಡ (ಕ್ರಿಕೆಟ್‌ನ ಬೌಲಿಂಗ್‌ನಂತೆ) ಮಾಡುತ್ತಿದ್ದ ಶೋಹೆ ಓಹ್ತಾನಿಯ ಆಟ ನೋಡಿ ಮಗ ಬೇಸ್‌ಬಾಲ್ ಹಚ್ಚಿಕೊಂಡ. ಅವನ ಹಿಂದೆ ನಾನೂ ಏಂಜಲ್ಸ್ ಅಭಿಮಾನಿಯಾದೆ. 2023ರ ಜುಲೈನಲ್ಲಿ, ಈ ಸಲ ಪ್ಲೇಆಫ್ ತಲುಪಿಯೇ ತೀರುತ್ತೇವೆ ಎಂಬಂತೆ ತಂಡ ಹೊಸ ಆಟಗಾರರನ್ನು ತಂದಿತು. ಒಂದೇ ತಿಂಗಳಲ್ಲಿ, ಇನ್ನೂ ಮೂವತ್ತರಷ್ಟು ಪಂದ್ಯ ಬಾಕಿಯಿರುವಾಗಲೇ, ಆರು ಮಂದಿಯನ್ನು ಬದಲಿಗೆ ಏನೂ ಪಡೆಯದೆ ಬಿಟ್ಟುಬಿಟ್ಟಿತು. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ಇಂದಿಗೂ ಅರ್ಥವಾಗಿಲ್ಲ. ಟಿಕೆಟ್‌ಗೆ ದುಡ್ಡು ಕೊಟ್ಟ ನಮಗೆ ಇದು ಮೋಸವಲ್ಲವೇ? ಓಹ್ತಾನಿಯನ್ನು ಜುಲೈನಲ್ಲೇ ಬೇರೆ ತಂಡಕ್ಕೆ ಕೊಟ್ಟಿದ್ದರೆ ಏಂಜಲ್ಸ್ ಉದ್ಧಾರವಾಗುತ್ತಿತ್ತು ಎಂದು ಕಚೇರಿಯ ಗೆಳೆಯರು ಹೇಳುತ್ತಾರೆ. 2024ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಆಟಗಾರರನ್ನು ಮಾರಿಯೂ ಪ್ಲೇಆಫ್ ತಲುಪಿದ್ದನ್ನು ತೋರಿಸುತ್ತಾರೆ. ಪ್ರತಿ ವರ್ಷ ಆಗಸ್ಟ್ ಬಂದರೆ ಮಗ ‘ಇನ್ನೂ ಅವಕಾಶ ಇದೆಯಾ ಅಪ್ಪಾ?’ ಎಂದು ಕೇಳುತ್ತಾನೆ. ಅವನಿಗೆ ಏನು ಹೇಳಲಿ? ಸೀಸನ್ ಟಿಕೆಟ್ ತೆಗೆದುಕೊಳ್ಳುವ ಯೋಚನೆಯೂ ಇದೆ. ನಿಮ್ಮ ಸಲಹೆ ಬೇಕು.
— ಒಬ್ಬ ಓದುಗರು, ಅರ್ವೈನ್

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಅವುಗಳ ಬುಡದಲ್ಲಿರುವ ಅನುಮಾನ ಒಂದೇ: ಈ ತಂಡದವರಿಗೆ ಗೆಲ್ಲುವ ಮನಸ್ಸು ನಿಜಕ್ಕೂ ಇತ್ತೇ? ಆಟಗಾರರ ಒಪ್ಪಂದ, ಸಂಬಳದ ಲೆಕ್ಕ, ರೋಸ್ಟರ್ (ಆಟಗಾರರ ಪಟ್ಟಿ) ನಿಯಮ ಇವುಗಳ ನಡುವೆಯೇ ನನ್ನ ವೃತ್ತಿಜೀವನ ಕಳೆದಿದೆ. ನಾನು ಕಂಡಂತೆ ಮನಸ್ಸು ಇತ್ತು, ಅಗತ್ಯಕ್ಕಿಂತ ಹೆಚ್ಚೇ ಇತ್ತು. ಇಲ್ಲದೇ ಇದ್ದದ್ದು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 2023ರ ಆಗಸ್ಟ್ 29ರ ಸಂಗತಿ. ಆ ದಿನ ಏಂಜಲ್ಸ್ ಆಡಳಿತ ಪಿಚರ್‌ಗಳಾದ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್, ಮ್ಯಾಟ್ ಮೂರ್, ಡೊಮಿನಿಕ್ ಲಿಯೋನ್ ಹಾಗೂ ಔಟ್‌ಫೀಲ್ಡ್ ಆಟಗಾರರಾದ ಹಂಟರ್ ರೆನ್‌ಫ್ರೋ, ರ‍್ಯಾಂಡಲ್ ಗ್ರಿಚಕ್ ಅವರನ್ನು ‘ವೇವರ್ಸ್’ ಪಟ್ಟಿಗೆ ಹಾಕಿತು. ಅಂದರೆ, ‘ಇವರ ಮೇಲಿನ ಹಕ್ಕು ಬಿಡಲು ನಾವು ಸಿದ್ಧ, ಉಳಿದಿರುವ ಸಂಬಳದ ಹೊರೆ ಹೊತ್ತುಕೊಳ್ಳುವವರು ಕರೆದೊಯ್ಯಬಹುದು’ ಎಂದು ಉಳಿದ 29 ತಂಡಗಳಿಗೆ ತಿಳಿಸಿತು. ಇದಕ್ಕೆ ಎರಡು ದಿನಗಳ ಗಡುವು. ಒಂದಕ್ಕಿಂತ ಹೆಚ್ಚು ತಂಡಗಳು ಒಬ್ಬನನ್ನೇ ಕೇಳಿದರೆ, ಕಡಿಮೆ ಗೆದ್ದಿರುವ ತಂಡಕ್ಕೆ ಮೊದಲ ಆದ್ಯತೆ. ಬಿಟ್ಟುಕೊಟ್ಟ ತಂಡಕ್ಕೆ ಬದಲಿ ಆಟಗಾರ ಸಿಗುವುದಿಲ್ಲ.

ದಿನಾಂಕವನ್ನು ಗಮನಿಸಿ. ಆಗಸ್ಟ್ 31ರ ಮಧ್ಯರಾತ್ರಿಯೊಳಗೆ ಯಾವ ಸಂಸ್ಥೆಯಲ್ಲಿರುತ್ತಾನೋ ಆ ತಂಡದ ಪರವಾಗಿ ಮಾತ್ರ ಆಟಗಾರ ಪ್ಲೇಆಫ್ ಆಡಬಹುದು. 29ರಂದು ಪಟ್ಟಿಗೆ ಹಾಕಿದರೆ ಎರಡು ದಿನ ಕಳೆದು ಸರಿಯಾಗಿ 31ಕ್ಕೆ ಹೊಸ ತಂಡ ಸೇರಬಹುದು. ಎರಡು ದಿನ ತಡವಾಗಿದ್ದರೆ ಪ್ಲೇಆಫ್ ಕನಸಿರುವ ಯಾವ ತಂಡವೂ ಅವರತ್ತ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಇದು ಸಿಟ್ಟಿನಲ್ಲೋ ಹತಾಶೆಯಲ್ಲೋ ಕೈಗೊಂಡ ತೀರ್ಮಾನವಾಗಿರಲಿಲ್ಲ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು, ಒಬ್ಬ ಲೆಕ್ಕಿಗ ಪಕ್ಕದಲ್ಲಿ ಕುಳಿತು ಮಾಡಿದ ಕೆಲಸ.

ಲೆಕ್ಕ ಯಾವುದೆಂದರೆ, ಆಟಗಾರರ ಒಟ್ಟು ಸಂಬಳ ಒಂದು ಮಿತಿ ದಾಟಿದರೆ ತಂಡ ಲೀಗ್‌ಗೆ ‘ಐಷಾರಾಮಿ ತೆರಿಗೆ’ ಕಟ್ಟಬೇಕು. 2023ರಲ್ಲಿ ಆ ಮಿತಿ 23.3 ಕೋಟಿ ಡಾಲರ್. ಜುಲೈನ ಖರೀದಿಗಳಿಂದ ಏಂಜಲ್ಸ್ ಅದನ್ನು ದಾಟಿತ್ತು. ಮೊದಲ ಸಲ ದಾಟಿದವರಿಗೆ ತೆರಿಗೆ ಮಿತಿಗಿಂತ ಹೆಚ್ಚಾದ ಮೊತ್ತದ ಶೇ 20 ಮಾತ್ರ, ದೊಡ್ಡ ಮಾತೇನಲ್ಲ. ದೊಡ್ಡದು ಇನ್ನೊಂದಿತ್ತು. ಓಹ್ತಾನಿಯ ಒಪ್ಪಂದ ಆ ವರ್ಷವೇ ಮುಗಿಯುತ್ತಿತ್ತು. ತಂಡ ಮುಂದಿಟ್ಟ ಒಂದು ವರ್ಷದ ಪ್ರಸ್ತಾವವನ್ನು ಅಂಥ ಆಟಗಾರ ತಿರಸ್ಕರಿಸಿ ಹೊರಟುಹೋದರೆ, ಪರಿಹಾರವಾಗಿ ತಂಡಕ್ಕೆ ಮುಂದಿನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯಲ್ಲಿ, ಹೆಚ್ಚುವರಿ ಆಯ್ಕೆಯೊಂದು ಸಿಗುತ್ತದೆ. ಮಿತಿಯೊಳಗಿದ್ದರೆ ಆ ಆಯ್ಕೆ ಎರಡನೇ ಸುತ್ತಿನ ನಂತರ, ಮಿತಿ ದಾಟಿದ್ದರೆ ನಾಲ್ಕನೇ ಸುತ್ತಿನ ನಂತರ. ಆರು ಮಂದಿಯ ಒಂದು ತಿಂಗಳ ಸಂಬಳ ಬೇರೆಯವರ ತಲೆಗೆ ಹೋದರೆ ಮಿತಿಯೊಳಗೆ ಬರಬಹುದು ಎಂಬ ಆಸೆ ಅವರದು. ಕೊನೆಗೆ ಕೂದಲೆಳೆಯ ಅಂತರದಲ್ಲಿ ಒಳಗೆ ಬಂದರು. ಆ ಆಯ್ಕೆಯಿಂದ 2024ರಲ್ಲಿ ಡಲ್ಲಾಸ್ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದ ಪಿಚರ್ ರಯಾನ್ ಜಾನ್ಸನ್‌ನನ್ನು ತೆಗೆದುಕೊಂಡರು. ಹುಡುಗರು ಪಳಗುವ ಕೆಳಹಂತದ ಮೈನರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಆತ 2025ರ ಆರಂಭಿಕ ತಂಡದಲ್ಲಿ ಸ್ಥಾನ ಪಡೆದ.

ಹಾಗಾದರೆ ಮೋಸವೇ? ನಿಯಮದ ಪ್ರಕಾರ ಇಲ್ಲ. ಆ ಹೊತ್ತಿಗೆ ತಂಡ ವೈಲ್ಡ್ ಕಾರ್ಡ್ ಸ್ಥಾನದಿಂದ (ಡಿವಿಷನ್ ಎಂಬ ತಮ್ಮ ಗುಂಪನ್ನು ಗೆಲ್ಲದ ತಂಡಗಳಿಗೆ ಸಿಗುವ ಪ್ಲೇಆಫ್ ಜಾಗ) ಹತ್ತಕ್ಕೂ ಹೆಚ್ಚು ಪಂದ್ಯಗಳಷ್ಟು ಹಿಂದಿತ್ತು. ಆ ಆರು ಮಂದಿ ಉಳಿದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೆ ಸೆಪ್ಟೆಂಬರ್‌ನ ಟಿಕೆಟ್ ಮೊದಲೇ ಕೊಂಡಿದ್ದವರ ಮಟ್ಟಿಗೆ ಇದು ಅಸಹ್ಯವಾಗಿ ಕಂಡಿತು ಎಂದರೆ ನಾನು ವಾದಿಸುವುದಿಲ್ಲ. ನನಗೂ ಹಾಗೆಯೇ ಕಂಡಿತು. ಕೆಲವರು ಹೇಳುವಂತೆ ಎದುರಾಳಿಗಳಿಗೆ ಬೇಕೆಂದೇ ಆಟಗಾರರನ್ನು ಹಂಚಿದರು ಎಂಬುದಂತೂ ಸುಳ್ಳು; ಯಾರು ಎಲ್ಲಿಗೆ ಹೋಗಬೇಕೆಂದು ಬಿಟ್ಟ ತಂಡ ಹೇಳುವಂತೆಯೇ ಇಲ್ಲ. ಜಿಯೊಲಿಟೊ, ಲೋಪೆಜ್, ಮೂರ್ ಮೂವರನ್ನೂ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ಬಾಚಿಕೊಂಡಿತು. ಲಿಯೋನ್ ಸಿಯಾಟಲ್‌ಗೆ, ರೆನ್‌ಫ್ರೋ ಸಿನ್ಸಿನಾಟಿಗೆ ಹೋದರು. ಗ್ರಿಚಕ್‌ನನ್ನು ಯಾರೂ ಕೇಳಲಿಲ್ಲ, ಅನಾಹೈಮ್‌ನಲ್ಲೇ ಉಳಿದ. ತಮಾಷೆಯೆಂದರೆ ಇವರನ್ನು ಪಡೆದ ಮೂರು ತಂಡಗಳಲ್ಲಿ ಒಂದೂ ಆ ವರ್ಷ ಪ್ಲೇಆಫ್ ತಲುಪಲಿಲ್ಲ. ಸಿಯಾಟಲ್‌ಗೆ ಒಂದೇ ಒಂದು ಗೆಲುವಿನಿಂದ ಅವಕಾಶ ತಪ್ಪಿತು.

ಇಂಥ ವಿಚಿತ್ರ ಪರಿಸ್ಥಿತಿ ಬಂದದ್ದಕ್ಕೆ ನಿಯಮದ ಬದಲಾವಣೆಯೂ ಒಂದು ಕಾರಣ. 2018ರವರೆಗೆ ಜುಲೈ ಗಡುವಿನ ನಂತರವೂ, ವೇವರ್ಸ್ ದಾಟಿದ ಆಟಗಾರರನ್ನು ಆಗಸ್ಟ್ ಪೂರ್ತಿ ವಿನಿಮಯ ಮಾಡಿಕೊಳ್ಳಬಹುದಿತ್ತು. ಜಸ್ಟಿನ್ ವರ್ಲ್ಯಾಂಡರ್ ಡೆಟ್ರಾಯಿಟ್‌ನಿಂದ ಹ್ಯೂಸ್ಟನ್‌ಗೆ ಹೋದದ್ದು 2017ರ ಆಗಸ್ಟ್ 31ರ ಮಧ್ಯರಾತ್ರಿಗೆ ಕ್ಷಣಗಳಿರುವಾಗ. ಆ ವರ್ಷವೇ ಹ್ಯೂಸ್ಟನ್ ವಿಶ್ವ ಸರಣಿ ಗೆದ್ದಿತು. 2019ರಿಂದ ಗಡುವು ಒಂದೇ, ಜುಲೈ ಕೊನೆಯ ಆಸುಪಾಸು. ಆ ಬಾಗಿಲು ಮುಚ್ಚಿದ ಮೇಲೆ ತಂಡ ಕುಸಿದರೆ, ಕೈಯಲ್ಲಿರುವ ಆಟಗಾರನಿಗೆ ಪ್ರತಿಯಾಗಿ ಏನಾದರೂ ಪಡೆಯುವ ದಾರಿಯೇ ಇಲ್ಲ.

ಇನ್ನು ಜುಲೈಗೆ ಬರೋಣ. ನಿಮ್ಮ ಗೆಳೆಯರ ವಾದ ಈಗ ಕೇಳಲು ಸರಳ. ಓಹ್ತಾನಿ ಡಿಸೆಂಬರ್‌ನಲ್ಲಿ ಪಕ್ಕದ ಲಾಸ್ ಏಂಜಲೀಸ್ ಡಾಡ್ಜರ್ಸ್‌ನೊಂದಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡ. ಏಂಜಲ್ಸ್‌ಗೆ ಉಳಿದದ್ದು ಒಂದು ಡ್ರಾಫ್ಟ್ ಆಯ್ಕೆ. ಆದರೆ ತೀರ್ಮಾನ ತೆಗೆದುಕೊಂಡ ವಾರ ಹೇಗಿತ್ತೆಂದು ನೆನಪಿಸಿಕೊಳ್ಳಿ. ಜುಲೈ 26ರ ರಾತ್ರಿ, ಓಹ್ತಾನಿಯನ್ನು ಕೊಡುವುದಿಲ್ಲ ಎಂಬ ಸುದ್ದಿಯ ಬೆನ್ನಿಗೇ ಷಿಕಾಗೊ ವೈಟ್ ಸಾಕ್ಸ್‌ನಿಂದ ಜಿಯೊಲಿಟೊ ಮತ್ತು ಲೋಪೆಜ್ ಬಂದರು. ಮರುದಿನ ಡೆಟ್ರಾಯಿಟ್‌ನಲ್ಲಿ ಒಂದೇ ದಿನ ಎರಡು ಪಂದ್ಯ. ಮೊದಲನೆಯದರಲ್ಲಿ ಓಹ್ತಾನಿ ಒಂದೇ ಒಂದು ಹಿಟ್ (ಬ್ಯಾಟರ್ ಬೇಸ್ ತಲುಪುವ ಹೊಡೆತ) ಕೊಟ್ಟು, ಒಂದು ರನ್ನೂ ಬಿಟ್ಟುಕೊಡದೆ ಒಂಬತ್ತೂ ಇನ್ನಿಂಗ್ಸ್ ಪಿಚ್ ಮಾಡಿದ. ಎರಡನೆಯದರಲ್ಲಿ ಎರಡು ಹೋಮ್ ರನ್ ಹೊಡೆದ. ಅಂಥ ಆಟಗಾರನನ್ನು ಆ ವಾರ ಬೇರೆ ತಂಡಕ್ಕೆ ಕಳುಹಿಸಿ ಬನ್ನಿ ಎಂದು ಮಾಲೀಕ ಆರ್ಟಿ ಮೊರೆನೊಗೆ ಹೇಳುವ ಧೈರ್ಯ ಯಾರಿಗಿದ್ದೀತು?

‘ಕೊಟ್ಟಿದ್ದರೆ ಪ್ರತಿಭೆಗಳ ರಾಶಿಯೇ ಬರುತ್ತಿತ್ತು’ ಎಂಬುದರಲ್ಲಿಯೂ ಉತ್ಪ್ರೇಕ್ಷೆಯಿದೆ. 2022ರಲ್ಲಿ ವಾಷಿಂಗ್ಟನ್ ತಂಡ ಹುವಾನ್ ಸೊಟೊನನ್ನು ಸ್ಯಾನ್ ಡಿಯಾಗೊಗೆ ಕೊಟ್ಟು ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಮೊದಲಾದವರನ್ನು ಪಡೆದದ್ದನ್ನು ಜನ ಉದಾಹರಿಸುತ್ತಾರೆ. ಸೊಟೊ ಮೇಲಿನ ತಂಡದ ಹಕ್ಕು ಮುಗಿಯಲು ಇನ್ನೂ ಎರಡೂವರೆ ಸೀಸನ್ ಬಾಕಿಯಿತ್ತು. ಓಹ್ತಾನಿಯದು ಎರಡೇ ತಿಂಗಳು. ಎರಡು ತಿಂಗಳ ಬಾಡಿಗೆಗೆ ಯಾರೂ ಮನೆಯ ಬೆಲೆ ಕೊಡುವುದಿಲ್ಲ. ಒಳ್ಳೆಯ ಯುವ ಆಟಗಾರರು ಇಬ್ಬರೋ ಮೂವರೋ ಬರುತ್ತಿದ್ದರು, ಖಂಡಿತ. ತಂಡದ ಹಣೆಬರಹ ಬದಲಾಗುವಷ್ಟು ಬರುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಓಹ್ತಾನಿಯನ್ನು ಉಳಿಸಿಕೊಂಡದ್ದು ಸಮರ್ಥಿಸಬಹುದಾದ ತೀರ್ಮಾನ ಎಂದೇ ಇಂದಿಗೂ ಹೇಳುತ್ತೇನೆ.

ಸಮರ್ಥಿಸಲು ಕಷ್ಟವಾಗುವುದು ಖರೀದಿಯ ಲೆಕ್ಕ. ಜುಲೈ ಮುಗಿದಾಗ ಏಂಜಲ್ಸ್ 56 ಗೆದ್ದು 51 ಸೋತಿತ್ತು. ಆ ವರ್ಷ ಏಂಜಲ್ಸ್ ಇರುವ ಅಮೆರಿಕನ್ ಲೀಗ್‌ನಲ್ಲಿ ಕೊನೆಯ ವೈಲ್ಡ್ ಕಾರ್ಡ್ ಸಿಕ್ಕಿದ್ದು 89 ಗೆದ್ದ ಟೊರೊಂಟೊಗೆ. ಅಲ್ಲಿಗೆ ತಲುಪಲು ಏಂಜಲ್ಸ್ ಉಳಿದ 55ರಲ್ಲಿ 33 ಗೆಲ್ಲಬೇಕಿತ್ತು. ಅಂದರೆ ಹತ್ತಕ್ಕೆ ಆರು. ಅದೇ ವೇಗವನ್ನು ಇಡೀ ಸೀಸನ್‌ಗೆ ಹಿಗ್ಗಿಸಿದರೆ 97 ಗೆಲುವು; ಅಗ್ರಸ್ಥಾನದ ತಂಡಗಳ ಮಟ್ಟ. ನಾಲ್ಕು ತಿಂಗಳು ಹತ್ತಕ್ಕೆ ಐದು ಚಿಲ್ಲರೆ ಗೆದ್ದ ತಂಡ ಕೊನೆಯ ಎರಡು ತಿಂಗಳು ಹಾಗೆ ಆಡಬೇಕಾದರೆ ನಾಲ್ಕೈದು ಹೊಸಬರು ಬಂದರೆ ಸಾಲದು, ಇರುವವರೆಲ್ಲ ಆರೋಗ್ಯವಾಗಿರಬೇಕು. ಆ ಹೊತ್ತಿಗೆ ತಂಡದ ದೊಡ್ಡ ತಾರೆ ಮೈಕ್ ಟ್ರೌಟ್ ಕೈಮೂಳೆ ಮುರಿದುಕೊಂಡು ಹೊರಗಿದ್ದ. ಇನ್ನೊಬ್ಬ ದುಬಾರಿ ಆಟಗಾರ ಆಂಥನಿ ರೆಂಡೋನ್ ಜುಲೈ 4ರ ನಂತರ ಆಡಲೇ ಇಲ್ಲ.

ಆಗಸ್ಟ್ ಮೊದಲ ವಾರ ಏಳಕ್ಕೆ ಏಳೂ ಸೋತರು. ಅದರಲ್ಲಿ ಆಗಸ್ಟ್ 3ರ ರಾತ್ರಿಯೊಂದನ್ನು ನೋಡಿದರೆ ಸಾಕು, ಎಲ್ಲ ಅರ್ಥವಾಗುತ್ತದೆ. ಅನಾಹೈಮ್‌ನಲ್ಲಿ ಸಿಯಾಟಲ್ ವಿರುದ್ಧ ಪಂದ್ಯ. ಓಹ್ತಾನಿ ನಾಲ್ಕು ಇನ್ನಿಂಗ್ಸ್ ರನ್ ಕೊಡದೆ ಪಿಚ್ ಮಾಡಿ, ಕೈಗೆ ಸೆಳೆತ ಬಂದು ಪಿಚಿಂಗ್ ನಿಲ್ಲಿಸಿದ. ಬ್ಯಾಟಿಂಗ್ ಮುಂದುವರಿಸಿ ಎಂಟನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದ. ಏಂಜಲ್ಸ್ 3–1 ಮುಂದೆ. ಒಂಬತ್ತನೆಯದರಲ್ಲಿ ಏಂಜಲ್ಸ್ ಪರ ಕಾರ್ಲೋಸ್ ಎಸ್ಟೆವೆಜ್ ಪಿಚ್ ಮಾಡಲು ಬಂದ. ಮೂರೂ ಬೇಸ್ ತುಂಬಿದವು. ಸಿಯಾಟಲ್‌ನ ಕೇಡ್ ಮಾರ್ಲೋ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಒಂದೇ ಏಟಿಗೆ ನಾಲ್ಕು ರನ್ ತರುವ ಹೋಮ್ ರನ್, ಹೊಡೆದ. ಪಂದ್ಯ 5–3ಕ್ಕೆ ಸಿಯಾಟಲ್ ಪಾಲಾಯಿತು. ಯಾರು ಈ ಮಾರ್ಲೋ? ಯಾವ ದೊಡ್ಡ ಖರೀದಿಯೂ ಅಲ್ಲ. ಎರಡು ವಾರದ ಹಿಂದಷ್ಟೇ ಸಿಯಾಟಲ್ ತನ್ನ ಮೈನರ್ ಲೀಗ್‌ನಿಂದ ಕರೆಸಿಕೊಂಡಿದ್ದ ಹೊಸ ಹುಡುಗ.

ಏಂಜಲ್ಸ್‌ನಲ್ಲಿ ಇಲ್ಲದೇ ಇದ್ದದ್ದು ಇದೇ. ಮೇಜರ್ ಲೀಗ್ ತಂಡದ ಸಕ್ರಿಯ ಪಟ್ಟಿಯಲ್ಲಿ 26 ಮಂದಿ, ಅದರ ಹಿಂದೆ 40ರ ಪಟ್ಟಿ, ಅದರ ಹಿಂದೆ ನಾಲ್ಕು ಹಂತದ ಮೈನರ್ ಲೀಗ್ ತಂಡಗಳು. 162 ಪಂದ್ಯಗಳ ಸೀಸನ್‌ನಲ್ಲಿ ಗಾಯಗಳು ಖಚಿತ, ಯಾರಿಗೆ ಎಂಬುದಷ್ಟೇ ಅನಿಶ್ಚಿತ. ಹಾಗಾಗಿ ಆಗಸ್ಟ್ ತಿಂಗಳ ತಂಡದ ಬಲ ಎಂದರೆ ಮೂವತ್ತನೆಯ, ಮೂವತ್ತೈದನೆಯ ಆಟಗಾರನ ಬಲ. ಏಂಜಲ್ಸ್ 2019ರಲ್ಲಿ ಟ್ರೌಟ್‌ಗೆ 12 ವರ್ಷಕ್ಕೆ 42.65 ಕೋಟಿ, ಅದೇ ವರ್ಷದ ಕೊನೆಗೆ ರೆಂಡೋನ್‌ಗೆ ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಿಕೊಂಡಿತು. ರೆಂಡೋನ್ ಆ ಬಳಿಕ ಯಾವ ವರ್ಷವೂ 60 ಪಂದ್ಯ ಆಡಲಿಲ್ಲ. ಇತ್ತ ಮೈನರ್ ಲೀಗ್ ವ್ಯವಸ್ಥೆಯನ್ನು ಪರಿಣತರು ವರ್ಷ ವರ್ಷವೂ ಕೊನೆಯ ಸ್ಥಾನಗಳಲ್ಲಿ ಎಣಿಸುತ್ತಿದ್ದರು. 2021ರ ಡ್ರಾಫ್ಟ್‌ನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಆಯ್ಕೆಗಳನ್ನು ಪಿಚರ್‌ಗಳಿಗೇ ಬಳಸಿದರು, ಪಿಚರ್‌ಗಳ ಬರ ಅಷ್ಟಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮಲ್ಲಿ ಹೇಳುವುದು ಇಂಥವರನ್ನು ನೋಡಿಯೇ. ಇದ್ದ ಒಳ್ಳೆಯ ಹುಡುಗರಲ್ಲಿ ಇಬ್ಬರು, ಕ್ಯಾಚರ್ ಎಡ್ಗರ್ ಕೆರೊ ಮತ್ತು ಎಡಗೈ ಪಿಚರ್ ಕೈ ಬುಷ್, ಜಿಯೊಲಿಟೊ–ಲೋಪೆಜ್‌ಗಾಗಿ ಹೋದರು. ಜಿಯೊಲಿಟೊ ಏಂಜಲ್ಸ್ ಪರ ಆರು ಪಂದ್ಯ ಆರಂಭಿಸಿದ; ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 6.89 ರನ್ ಕೊಟ್ಟ. ಕೆರೊ 2025ರಲ್ಲಿ ಷಿಕಾಗೊದ ಮೇಜರ್ ಲೀಗ್ ತಂಡಕ್ಕೆ ಬಂದ.

ಆಗಸ್ಟ್ 22ಕ್ಕೆ ಟ್ರೌಟ್ ಮರಳಿ ಒಂದೇ ಪಂದ್ಯ ಆಡಿ ಮತ್ತೆ ಕೂತ. 23ಕ್ಕೆ ಸಿನ್ಸಿನಾಟಿ ವಿರುದ್ಧ ಓಹ್ತಾನಿಯ ಮೊಣಕೈ ಅಸ್ಥಿರಜ್ಜು ಹರಿಯಿತು. ಆರು ದಿನಗಳ ನಂತರ ವೇವರ್ಸ್. ಜುಲೈ ನಂತರದ ಲೆಕ್ಕ 17 ಗೆಲುವು, 38 ಸೋಲು. ಒಟ್ಟು 73–89.

ಈಗ ಡೆಟ್ರಾಯಿಟ್. ಇಲ್ಲಿ ನಿಮ್ಮ ಗೆಳೆಯರು ಕಾರ್ಯ–ಕಾರಣವನ್ನು ತಿರುಗಿಸಿ ಹಿಡಿದಿದ್ದಾರೆ. 2024ರ ಜುಲೈ ಕೊನೆಗೆ ಟೈಗರ್ಸ್, ಪಿಚರ್ ಜ್ಯಾಕ್ ಫ್ಲಾಹರ್ಟಿಯನ್ನು ಡಾಡ್ಜರ್ಸ್‌ಗೆ, ಮಾರ್ಕ್ ಕ್ಯಾನಾನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ, ಕಾರ್ಸನ್ ಕೆಲಿ ಮತ್ತು ಆ್ಯಂಡ್ರೂ ಚೇಫಿನ್‌ನನ್ನು ಟೆಕ್ಸಸ್‌ಗೆ ಕೊಟ್ಟಿತು. ಆಗಸ್ಟ್ 10ರ ಹೊತ್ತಿಗೆ 55–63. ಅಂಕಿಅಂಶ ತಾಣ ಫ್ಯಾನ್‌ಗ್ರಾಫ್ಸ್ ಅವರ ಪ್ಲೇಆಫ್ ಸಾಧ್ಯತೆಯನ್ನು ಶೇ 0.2ಕ್ಕೆ ಇಳಿಸಿತ್ತು. ಅಲ್ಲಿಂದ 31 ಗೆದ್ದು 13 ಮಾತ್ರ ಸೋತು, 86–76ರೊಂದಿಗೆ, 2014ರ ನಂತರ ಮೊದಲ ಸಲ ಪ್ಲೇಆಫ್ ಮುಟ್ಟಿದರು. ಹ್ಯೂಸ್ಟನ್‌ನನ್ನು ಹೊರದಬ್ಬಿ, ಕ್ಲೀವ್‌ಲ್ಯಾಂಡ್ ಎದುರು ಐದನೇ ಪಂದ್ಯದವರೆಗೂ ಹೋದರು.

ಮಾರಿದ್ದರಿಂದ ಗೆದ್ದರೇ? ಮಾರಿದ್ದು ಹಿರಿಯ ಆಟಗಾರರನ್ನು. ತಾರಿಕ್ ಸ್ಕೂಬಲ್‌ಗೂ ಸಾಕಷ್ಟು ಬೇಡಿಕೆಯಿತ್ತು, ಕೊಡಲಿಲ್ಲ. ಅವನು ಆ ವರ್ಷ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಖಾಲಿಯಾದ ಜಾಗಕ್ಕೆ ತುಂಬಲು ಹುಡುಗರು ಸಿದ್ಧರಿದ್ದರು. ಫ್ಲಾಹರ್ಟಿಗೆ ಪ್ರತಿಯಾಗಿ ಬಂದ ಟ್ರೇ ಸ್ವೀನಿ ಆಗಸ್ಟ್‌ನಲ್ಲೇ ಮೇಲೆ ಬಂದು ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತ. ಮೈನರ್ ಲೀಗ್‌ಗೆ ಹೋಗಿ ತಿದ್ದಿಕೊಂಡು ಬಂದಿದ್ದ ಪಾರ್ಕರ್ ಮೆಡೋಸ್ ಸೆಂಟರ್‌ಫೀಲ್ಡ್ ಹಿಡಿದ. ಆರಂಭಿಕ ಪಿಚರ್‌ಗಳೇ ಸಾಲದೆ ಹೋದಾಗ ಮ್ಯಾನೇಜರ್ ಎ.ಜೆ. ಹಿಂಚ್, ಒಬ್ಬೊಬ್ಬರಿಗೆ ಒಂದೆರಡು ಇನ್ನಿಂಗ್ಸ್ ಹಂಚಿ ಬುಲ್‌ಪೆನ್‌ನ ಬದಲಿ ಪಿಚರ್‌ಗಳಿಂದಲೇ ಪಂದ್ಯ ಸಾಗಿಸಿದರು. ಅದೃಷ್ಟವೂ ಕೂಡಿಬಂತು: 70–53ರಲ್ಲಿದ್ದ ಮಿನೆಸೋಟ ಟ್ವಿನ್ಸ್ ಕೊನೆಯ 39ರಲ್ಲಿ 27 ಸೋತು 82–80ಕ್ಕೆ ಇಳಿಯಿತು. ಟೈಗರ್ಸ್ ಪ್ಲೇಆಫ್ ಖಚಿತಪಡಿಸಿಕೊಂಡ ಸೆಪ್ಟೆಂಬರ್ 27ರಂದು ಎದುರಿಗಿದ್ದದ್ದು ವೈಟ್ ಸಾಕ್ಸ್. ಆ ರಾತ್ರಿಯದು ಷಿಕಾಗೊದ 121ನೇ ಸೋಲು, ಆಧುನಿಕ ಬೇಸ್‌ಬಾಲ್‌ನ ದಾಖಲೆ. ಏಂಜಲ್ಸ್ 2023ರಲ್ಲಿ ಇದೇ ರೀತಿ ಮಾರಿದ್ದರೆ ಜಾಗ ಖಾಲಿಯಾಗುತ್ತಿತ್ತು, ತುಂಬುವವರು ಇರಲಿಲ್ಲ.

ಶೇ 0.2 ಎಂದದ್ದು ತಪ್ಪಾಯಿತಲ್ಲ ಎಂದು ನೀವು ಕೇಳಬಹುದು. ತಪ್ಪಾಗಲಿಲ್ಲ. ಐನೂರರಲ್ಲಿ ಒಂದು ಸಲ ನಡೆಯುವುದು ಆ ಒಂದು ಸಲ ನಡೆಯಿತು. 2024ರ ಐಪಿಎಲ್‌ನಲ್ಲಿ ಮೊದಲ ಎಂಟರಲ್ಲಿ ಏಳು ಸೋತ ನಮ್ಮ ಆರ್‌ಸಿಬಿ ಸತತ ಆರು ಗೆದ್ದು, ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು ಬೇಕಾದ ಅಂತರದಿಂದ ಮಣಿಸಿ, ರನ್‌ರೇಟ್ ಮೇಲೆ ಒಳಗೆ ಹೋದದ್ದು ನಿಮಗೆ ಗೊತ್ತು. ಅದನ್ನು ನೋಡಿ, ಏಳು ಸೋತ ತಂಡಗಳೆಲ್ಲ ಹಾಗೆ ಬರುತ್ತವೆ ಎಂದು ಯಾರೂ ತಂಡ ಕಟ್ಟುವುದಿಲ್ಲ. ಇದರ ತಿರುವುಮುರುವೂ ನಡೆಯುತ್ತದೆ. ಅದೇ ಟೈಗರ್ಸ್ 2025ರ ಜುಲೈ ಆರಂಭದಲ್ಲಿ ಕ್ಲೀವ್‌ಲ್ಯಾಂಡ್‌ಗಿಂತ 15.5 ಪಂದ್ಯ ಮುಂದಿದ್ದೂ ಡಿವಿಷನ್ ಕಳೆದುಕೊಂಡಿತು. ಅಂದಹಾಗೆ ಬೇಸ್‌ಬಾಲ್‌ನಲ್ಲಿ ರನ್‌ರೇಟ್ ಇಲ್ಲ. 2022ರಿಂದ ಸಮಬಲವಾದರೆ ಹೆಚ್ಚುವರಿ ಪಂದ್ಯವೂ ಇಲ್ಲ. ಆ ಎರಡು ತಂಡಗಳು ಪರಸ್ಪರ ಆಡಿದಾಗ ಯಾರು ಹೆಚ್ಚು ಗೆದ್ದರೋ ಅವರೇ ಒಳಗೆ. 2025ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮತ್ತು ಸಿನ್ಸಿನಾಟಿ ಎರಡೂ 83–79. ಹುವಾನ್ ಸೊಟೊಗೆ 76.5 ಕೋಟಿ ಡಾಲರ್ ಒಪ್ಪಿಕೊಂಡಿದ್ದ ಮೆಟ್ಸ್ ಮನೆಗೆ ಹೋಯಿತು.

ಆಗಸ್ಟ್ ಮಧ್ಯದಲ್ಲಿ ಸೋಲುತ್ತಿರುವ ತಂಡದ ಮುಂದೆ ಇರುವ ದಾರಿಗಳು ಯಾವುವು? ಹುಡುಗರನ್ನು ಮೇಲೆ ಕರೆಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಆದರೆ ಅದಕ್ಕೂ ಬೆಲೆಯಿದೆ. ಮೇಜರ್ ಲೀಗ್‌ನಲ್ಲಿ ಕಳೆದ ಪ್ರತಿ ದಿನವೂ ಆಟಗಾರನ ಸೇವಾವಧಿಗೆ ಸೇರುತ್ತದೆ. 172 ದಿನಕ್ಕೆ ಒಂದು ವರ್ಷ, ಆರು ವರ್ಷ ತುಂಬಿದರೆ ಅವನು ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರ. ಹೊಸಬ ಎಂಬ ಅರ್ಹತೆಗೂ ಮಿತಿಯಿದೆ: ಪಿಚರ್‌ಗೆ 50 ಇನ್ನಿಂಗ್ಸ್, ಬ್ಯಾಟರ್‌ಗೆ 130 ಅಧಿಕೃತ ಬ್ಯಾಟಿಂಗ್ ಸರದಿ, ಅಥವಾ ಸಕ್ರಿಯ ಪಟ್ಟಿಯಲ್ಲಿ 45 ದಿನ. ಆ ಅರ್ಹತೆ ಉಳಿಸಿಕೊಂಡ ಪ್ರತಿಭಾವಂತ ಮುಂದಿನ ವರ್ಷ ಶ್ರೇಷ್ಠ ಹೊಸಬ ಪ್ರಶಸ್ತಿ ಗೆದ್ದರೆ ತಂಡಕ್ಕೆ ಡ್ರಾಫ್ಟ್ ಆಯ್ಕೆಯ ಬಹುಮಾನವೂ ಸಿಗಬಹುದು. ಒಳ್ಳೆಯ ಹೊಸಬರು ಆಗಸ್ಟ್ 15ರ ನಂತರವೇ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದಕ್ಕೇ. ಮೆಟ್ಸ್ ಪಿಚರ್ ನೋಲನ್ ಮೆಕ್ಲೀನ್ 2025ರಲ್ಲಿ ಬಂದದ್ದು ಆಗಸ್ಟ್ 16ಕ್ಕೆ. ಸೀಸನ್ ಮುಗಿದಾಗ 48 ಇನ್ನಿಂಗ್ಸ್. ಹಣಕಾಸಿಗಿಂತ ದೊಡ್ಡ ಅಪಾಯ ಹುಡುಗನ ಆತ್ಮವಿಶ್ವಾಸದ್ದು. ಮೈನರ್ ಲೀಗ್‌ನಲ್ಲಿ ಸಾಕಷ್ಟು ಸೋಲು ಕಾಣದವನು ಸೆಪ್ಟೆಂಬರ್‌ನಲ್ಲಿ ಸತತ ವಿಫಲನಾದರೆ, ಸಂಜೆ ಏಳರ ಪಂದ್ಯಕ್ಕೆ ಮಧ್ಯಾಹ್ನವೇ ಬಂದು ತನ್ನ ಹೊಡೆತದ ಶೈಲಿಯನ್ನೇ ದಿನಕ್ಕೊಂದು ರೀತಿ ಬದಲಿಸತೊಡಗುತ್ತಾನೆ. ಅದನ್ನು ಬಿಡಿಸಲು ಒಂದು ಚಳಿಗಾಲವೇ ಬೇಕು. ಏಂಜಲ್ಸ್ 2023ರ ಜುಲೈನಲ್ಲಿ ಡ್ರಾಫ್ಟ್ ಮಾಡಿದ ನೋಲನ್ ಶಾನುಯೆಲ್‌ನನ್ನು ನಲವತ್ತೇ ದಿನಗಳಲ್ಲಿ ಮೇಲಕ್ಕೆ ತಂದಿತು. ಆತ ಆಡಿದ 29 ಪಂದ್ಯಗಳಲ್ಲೂ ಒಮ್ಮೆಯಾದರೂ ಬೇಸ್ ತಲುಪಿದ, ಗಟ್ಟಿ ಹುಡುಗ. ಎಲ್ಲರೂ ಹಾಗಿರುವುದಿಲ್ಲ.

ತಾರೆಯರನ್ನು ಕೂರಿಸುವುದು ಇನ್ನೊಂದು ದಾರಿ. ಸಣ್ಣ ನೋವಿರುವವನನ್ನು ಗಾಯಾಳುಗಳ ಪಟ್ಟಿಗೆ ಹಾಕಿ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದರಲ್ಲಿ ವಿವೇಕವಿದೆ, ಪ್ರೇಕ್ಷಕರಿಗೆ ನಷ್ಟವಿದೆ. ಸೆಪ್ಟೆಂಬರ್ 1ರಿಂದ ಪಟ್ಟಿ 26ರಿಂದ 28ಕ್ಕೆ ಹಿಗ್ಗುತ್ತದೆ. 2020ಕ್ಕಿಂತ ಮುಂಚೆ 40ರವರೆಗೂ ಹಿಗ್ಗಿಸಬಹುದಿತ್ತು, ಈಗ ಪ್ರಯೋಗಕ್ಕೆ ಅಷ್ಟು ಜಾಗವಿಲ್ಲ.

ಏನನ್ನೂ ಮಾಡದೆ ಇರುವುದು ಮೂರನೆಯ ದಾರಿ, ಮತ್ತು ಏಂಜಲ್ಸ್‌ನ ನಿಜವಾದ ಕಾಯಿಲೆ ಇದೇ ಎಂದು ನನ್ನ ಅಭಿಪ್ರಾಯ. 2024ರಲ್ಲಿ 99 ಸೋತರು, ತಂಡದ ಇತಿಹಾಸದಲ್ಲೇ ಅತಿ ಹೆಚ್ಚು. 2025ರ ಜುಲೈ ಕೊನೆಗೆ ಮತ್ತೆ ಅರ್ಧಕ್ಕೂ ಕೆಳಗೆ ಗೆದ್ದ ತಂಡ. ಆದರೂ ವಾಷಿಂಗ್ಟನ್‌ನಿಂದ ಚೇಫಿನ್ ಮತ್ತು ಲೂಯಿಸ್ ಗಾರ್ಸಿಯಾ ಎಂಬಿಬ್ಬರು ರಿಲೀವರ್‌ಗಳನ್ನು (ಪಂದ್ಯದ ನಡುವೆ ಬರುವ ಬದಲಿ ಪಿಚರ್‌ಗಳು) ತಂದು, ಒಪ್ಪಂದ ಮುಗಿಯಲಿದ್ದ ಕೆನ್ಲಿ ಜಾನ್ಸೆನ್, ಟೈಲರ್ ಆ್ಯಂಡರ್ಸನ್‌ರಂಥವರನ್ನು ಯಾರಿಗೂ ಕೊಡದೆ ಇಟ್ಟುಕೊಂಡಿತು. ಮುಗಿಸಿದ್ದು 72–90. ಪೂರ್ತಿ ಖರೀದಿಯೂ ಅಲ್ಲ, ಪೂರ್ತಿ ಮಾರಾಟವೂ ಅಲ್ಲ. 2023ರ ವೇವರ್ಸ್ ಬಗ್ಗೆ ನೀವು ಸಿಟ್ಟಾಗಿದ್ದೀರಿ, ನಾನಾದರೆ ಆ ಸಿಟ್ಟನ್ನು 2025ಕ್ಕೆ ಉಳಿಸಿಕೊಳ್ಳುತ್ತೇನೆ. ಮೊದಲನೆಯದರಲ್ಲಿ ಕನಿಷ್ಠ ಒಂದು ಡ್ರಾಫ್ಟ್ ಆಯ್ಕೆ ಮೇಲಕ್ಕೆ ಬಂತು.

ಮಗನ ಪ್ರಶ್ನೆಗೆ ನೀವೇ ಉತ್ತರ ಕೊಡಬೇಕಿಲ್ಲ, ಅವನಿಗೇ ಲೆಕ್ಕ ಹಾಕಲು ಹೇಳಿ. ಅಮೆರಿಕನ್ ಲೀಗ್‌ನಲ್ಲಿ ಆರು ತಂಡ ಪ್ಲೇಆಫ್‌ಗೆ ಹೋಗುವ ಪದ್ಧತಿ ಬಂದ 2022ರಿಂದ 2025ರವರೆಗೆ ಕೊನೆಯ ಸ್ಥಾನಕ್ಕೆ ಬೇಕಾದ ಗೆಲುವುಗಳು ಕ್ರಮವಾಗಿ 86, 89, 86, 87. ಆಗಸ್ಟ್ 1ರ ಬೆಳಿಗ್ಗೆ 87ರಿಂದ ತಂಡದ ಗೆಲುವುಗಳನ್ನು ಕಳೆದು, ಬಂದದ್ದನ್ನು ಉಳಿದ ಪಂದ್ಯಗಳಿಂದ ಭಾಗಿಸಲಿ. 0.550ರ ಒಳಗೆ ಬಂದರೆ ಅವಕಾಶ ನಿಜವಾದದ್ದು. 0.600 ದಾಟಿದರೆ ಡೆಟ್ರಾಯಿಟ್‌ನಂಥ ಪವಾಡ ಬೇಕು. ಅಷ್ಟರಲ್ಲೇ ನಿಲ್ಲದೆ, ಏಂಜಲ್ಸ್‌ನ ಟ್ರಿಪಲ್ ಎ (ಮೈನರ್ ಲೀಗ್‌ನ ಅತಿ ಮೇಲಿನ ಹಂತ) ತಂಡವಾದ ಸಾಲ್ಟ್ ಲೇಕ್ ಬೀಸ್‌ನಲ್ಲಿ ಯಾರು ಆಡುತ್ತಿದ್ದಾರೆ ಎಂದೂ ನೋಡಲಿ. ಇಪ್ಪತ್ತೆರಡು–ಇಪ್ಪತ್ತನಾಲ್ಕರ ಹುಡುಗರಿದ್ದರೆ ಒಂದು ಮಾತು; ಮೂವತ್ತು ದಾಟಿದ, ನಾಲ್ಕು ತಂಡ ಸುತ್ತಿಬಂದವರೇ ತುಂಬಿದ್ದರೆ ಇನ್ನೊಂದು.

ಸೀಸನ್ ಟಿಕೆಟ್ ಬೇಡ ಎಂದೇ ಹೇಳುತ್ತೇನೆ. ತವರಿನಲ್ಲಿ 81 ಪಂದ್ಯ, ಅಷ್ಟಕ್ಕೂ ಹೋಗಲು ನಿಮಗೂ ಆಗದು, ಈ ತಂಡವೂ ಸದ್ಯಕ್ಕೆ ಅಷ್ಟು ಕೊಡುವಂತಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಕೆಲವು ಪಂದ್ಯ ನೋಡಿ. ಪ್ಲೇಆಫ್ ದಾರಿ ಮುಚ್ಚಿದ ತಂಡದ ಸೆಪ್ಟೆಂಬರ್ ಟಿಕೆಟ್‌ಗಳು ಮರುಮಾರಾಟದಲ್ಲಿ ಅಗ್ಗವಾಗುತ್ತವೆ, ಆಗ ವಾರದ ದಿನದಲ್ಲಿ ಮುಂಚಿತವಾಗಿ ಹೋಗಿ ಮೂರನೇ ಬೇಸ್ ಕಡೆ, ತವರು ತಂಡದ ಡಗ್‌ಔಟ್ ಹತ್ತಿರ ಕೂರಿ. ಹೊಸದಾಗಿ ಬಂದ ಹುಡುಗರ ಅಭ್ಯಾಸ ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ಮತ್ತು ಚೆಂಡಿಗೆ ಹಸ್ತಾಕ್ಷರ ಹಾಕಿಕೊಡಲು ಅವರು ಇನ್ನೂ ಬೇಸರಪಡುವುದಿಲ್ಲ.